ತಗಡಿನ ಗೋಡೆ, ಈಚೆ ಬದಿ

ನಮ್ಮಿಬ್ಬರ ನಡುವೆ ಇರುವುದು ಒಂದು ತಗಡು, ಎರಡು ಹಲಗೆ,
ಸಂದಿಗೆ ತುರುಕಿದ ಹಳೆಯ ಪತ್ರಿಕೆ.
ವಾಲ್ಪರೈಸೋದ ಈ ಗುಡ್ಡದಲ್ಲಿ
ಗೋಡೆಗಳ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ.
ಆಚೆ ಎರ್ಸಿಲಿಯಾಳ ಮಂಚ, ಈಚೆ ನನ್ನದು.
ಅವಳಿಗೆ ಐವತ್ತಾರು; ಗುಡ್ಡದ ಲಿಫ್ಟಿನ ಮೇಲ್ಮನೆಯಲ್ಲಿ
ಸನ್ನೆಗೋಲು ಹಿಡಿಯುವ ಕೆಲಸ.
ನನಗೆ ಎಪ್ಪತ್ತೊಂದು. ಕೆಲಸವಿಲ್ಲ.

ಮೊದಲು ಗೊರಕೆ. ಅದೇನು ದೊಡ್ಡದಲ್ಲ,
ಬೆಕ್ಕು ಕುಡಿಕೆ ನೆಕ್ಕಿದಷ್ಟು.
ಆಮೇಲೆ ಏನೂ ಇಲ್ಲ.
ಆ ಏನೂ ಇಲ್ಲದ್ದೇ ನನ್ನನ್ನು ಎಬ್ಬಿಸಿತು.

ಮೂವತ್ತು ವರ್ಷ ದೋಣಿಯಲ್ಲಿ ಕೂತು
ಮುಳುಗುಗಾರರ ಗಾಳಿಕೊಳವೆ ಕಾದವನು ನಾನು.
ಅವರು ತಳದಲ್ಲಿ ಚಿಪ್ಪು ಕೀಳುವಾಗ
ಮೇಲೆ ಗುಳ್ಳೆ ನೋಡುತ್ತ ಹಗ್ಗ ಹಿಡಿದಿರಬೇಕು.
ಒಂದು ಜಗ್ಗು: ಚೆನ್ನಾಗಿದ್ದೇನೆ.
ಮೂರು ಜಗ್ಗು: ಎಳೆ.
ಜಗ್ಗೇ ಇಲ್ಲದಿದ್ದರೆ: ಎಣಿಸು.
ಎಣಿಸುವುದೊಂದು ಬಿಟ್ಟು ಬೇರೆ ವಿದ್ಯೆ ಹತ್ತಲಿಲ್ಲ.
(ಎಲಿಯೊದೋರೊನ ಕೊಳವೆ ಮಡಚಿಕೊಂಡ ದಿನ
ನಾನು ಸಿಗರೇಟು ಹಚ್ಚುತ್ತಿದ್ದೆ. ಅದು ಬೇರೆ ಮಾತು.)

ಹಾಗಾಗಿ ಕತ್ತಲಲ್ಲಿ ಇಪ್ಪತ್ತು, ಇಪ್ಪತ್ತೊಂದು,
ಮೂವತ್ತೇಳು, ಮೂವತ್ತೆಂಟು...
ಆಗೊಂದು ಸದ್ದು. ನೀರಿಂದೆದ್ದವನು ಮುಖವಾಡ ಕಿತ್ತು
ಗಾಳಿಯನ್ನು ಕಚ್ಚುವ ಹಾಗೆ.
ಮತ್ತೆ ಬೆಕ್ಕು. ಮತ್ತೆ ಏನೂ ಇಲ್ಲ.

ಬೆಳಿಗ್ಗೆ ಮೆಟ್ಟಿಲಲ್ಲಿ ಸಿಕ್ಕರೆ ಅವಳ ಮುಖ
ನೆನೆಹಾಕಿ ಮರೆತ ಬಟ್ಟೆ.
ತಲೆನೋವಂತೆ, ಚಹಾ ಕಾಸಿಟ್ಟು ಮರೆಯುತ್ತಾಳಂತೆ.

ಮೊದಲ ಡಾಕ್ಟರು ಅಂದರಂತೆ: ವಯಸ್ಸು, ಮುಟ್ಟು ನಿಂತಿದೆ.
ಎರಡನೆಯವರು: ಗಂಡ ಹೋದ ದುಃಖ. ನಿದ್ದೆಗೆ ಮಾತ್ರೆ ಕೊಟ್ಟರು
(ಆ ವಾರ ನಾನು ಐವತ್ತೆರಡರ ತನಕ ಎಣಿಸಿದೆ).
ಮೂರನೆಯವರು ರಕ್ತ ನೋಡಿ, ಮಸೂರ್ ಬೇಳೆ ತಿನ್ನಿ ಎಂದರು.
ಉಸಿರು ಕಟ್ಟುವ ಕಾಯಿಲೆಯೇನಾದರೂ, ಎಂದು ಕೇಳಿದ್ದಕ್ಕೆ ನಕ್ಕು,
ಅದು ಗೂಳಿಕತ್ತಿನ ಗಂಡಸರಿಗೆ ಬರುವುದು, ಸೆನ್ಯೋರಾ,
ನೀವು ಕೊಕ್ಕರೆ ಹಾಗಿದ್ದೀರಿ.
ಇರಲಿ, ಗೊರಕೆ ಹೊಡೆಯುತ್ತೀರಿ ಅಂತ
ಯಾರಾದರೂ ಹೇಳಿದ್ದುಂಟೇ?
ಯಾರು ಹೇಳಬೇಕು?
ಬಾಲ್ದೊಮೆರೊ ತೀರಿಕೊಂಡು ಆರು ವರ್ಷ.
ಇಲ್ಲ, ಎಂದಳು. ಇಲ್ಲ, ಎಂದು ಬರೆದುಕೊಂಡರು.

ನನಗೂ ಬಾಯಿ ಬರಲಿಲ್ಲ.
ದಿನಾ ರಾತ್ರಿ ನಿನ್ನ ಉಸಿರಿಗೆ ಕಿವಿಗೊಟ್ಟಿರುತ್ತೇನೆ
ಎಂದು ವಿಧವೆಯೊಬ್ಬಳಿಗೆ ಹೇಗೆ ಹೇಳುವುದು?
ಉಬ್ಬರವಿಳಿತದ ಹಳೆಯ ಪಟ್ಟಿಯ ಅಂಚಿನಲ್ಲಿ
ನಾಲ್ಕು ತಿಂಗಳು ಸುಮ್ಮನೆ ಬರೆದೆ: ಗಂಟೆ, ಎಣಿಕೆ.

ಜೂನಿನ ಮಂಜಿನಲ್ಲಿ ಒಂದು ಬೆಳಿಗ್ಗೆ
ಸನ್ನೆಗೋಲಿನ ಮೇಲೇ ಅವಳ ಕಣ್ಣು ಮುಚ್ಚಿತು.
ಡಬ್ಬಿ ಮೇಲಿನ ಕಟ್ಟೆಗೆ ಬಡಿಯಿತು,
ಒಂದು ಬುಟ್ಟಿ ಮೊಟ್ಟೆ ಹೋಯಿತು,
ಶಾಲೆಯ ಹುಡುಗನ ತುಟಿ ಒಡೆಯಿತು.
ಮೊಟ್ಟೆಯವಳ ಕೂಗು ಬಂದರು ತನಕ ಕೇಳಿತು.

ಅವತ್ತು ಸಂಜೆ ಪಟ್ಟಿ ಕೊಟ್ಟೆ.
ನಿಂತೇ ಓದಿದಳು, ಪುಟ ತಿರುವಿ ತಿರುವಿ.
ಆಮೇಲೆ ನನ್ನ ಮುಖಕ್ಕೇ ಬಾಗಿಲು.
ಎರಡು ದಿನ ಮಾತಿಲ್ಲ.
ಮೂರನೆಯ ರಾತ್ರಿ ತಗಡಿನ ಮೇಲೆ ಬೆರಳ ಗೆಣ್ಣು:
ಟಕ್.

ದೊಡ್ಡಾಸ್ಪತ್ರೆಯ ಎಳೆಯ ಡಾಕ್ಟರಮ್ಮ
ಅಂಚಿನ ಅಂಕಿಗಳ ಮೇಲೆ ಪೆನ್ನು ಓಡಿಸುತ್ತ ಕೇಳಿದಳಂತೆ:
ಬರೆದದ್ದು ನಿಮ್ಮ ಮನೆಯವರಾ?
ಅಲ್ಲ, ಗೋಡೆಯವರು.

ಬೆರಳಿಗೊಂದು ಚಿಮಟಿಗೆ, ಎದೆಗೊಂದು ಪಟ್ಟಿ, ಒಂದು ರಾತ್ರಿ.
ಗಂಟೆಗೆ ನಲವತ್ತೊಂದು ಸಲ, ಎಂದಿತು ಯಂತ್ರ.
ನನ್ನ ಲೆಕ್ಕ ಮೂವತ್ತನಾಲ್ಕು.
ನಡುನಡುವೆ ನನಗೂ ಜೊಂಪು ಹತ್ತಿರಬೇಕು.

ಈಗ ಅವಳ ಮೂಗಿಗೆ ಮುಖವಾಡ, ಮುಖವಾಡಕ್ಕೆ ಕೊಳವೆ.
ಮಂಚದ ಪಕ್ಕ ಪುಟ್ಟದೊಂದು ಯಂತ್ರ ಗಾಳಿ ಊದುತ್ತದೆ;
ನಮ್ಮ ದೋಣಿಯದಕ್ಕಿಂತ ಎಷ್ಟೋ ಮೆತ್ತಗೆ.
ನಿದ್ದೆ ಬಾರದ್ದು ನನಗೆ.
ಕೈ ಹೊದಿಕೆಯೊಳಗೆ ಹಗ್ಗ ಹುಡುಕುತ್ತದೆ.

ನಿನ್ನೆ ಮೂರೂಕಾಲಕ್ಕೆ ತಡೆಯಲಾರದೆ
ತಗಡಿಗೆ ಒಂದು ಸಲ ತಟ್ಟಿದೆ, ಮೆಲ್ಲಗೆ.
ಉತ್ತರ ಬರಲಿಲ್ಲ.
ಎಣಿಸಲಿಲ್ಲ.